ಬೀರು ಬರುವಷ್ಟು ದಾರಿ

ಹೋದ ತಿಂಗಳು ಭವ್ಯ ನಮ್ಮ ಮನೆಗೆ ಬಂದಿದ್ದಳು. ತೋಟಗಾರಿಕೆ ಓದಿಕೊಂಡು, ಮನೆಗಳ ಮುಂದೆ ಕೈತೋಟ, ಕಾಲುದಾರಿ ಮಾಡಿಕೊಡುವ ಕೆಲಸಕ್ಕೆ ಈಗತಾನೇ ಇಳಿದಿರುವ ಹುಡುಗಿ. ಏನಾದರೂ ಅನುಮಾನ ಬಂದರೆ ಮೇಟಗಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾಳೆ. ಅವತ್ತು ಗೇಟು ತೆಗೆದು ಎರಡು ಹೆಜ್ಜೆ ಇಡುವಷ್ಟರಲ್ಲಿ ದಾರಿಯ ನಡುವಿನ ನಂದಿಬಟ್ಟಲು ಗಿಡ ಅವಳನ್ನು ತಡೆಯಿತು. ಬೆಳಗ್ಗೆ ಮಳೆ ಬಂದು ನಿಂತಿತ್ತು. ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು, ಪಕ್ಕಕ್ಕೆ ತಿರುಗಿ ನುಸುಳಿ, ಅರ್ಧ ನೆನೆದುಕೊಂಡು ಒಳಗೆ ಬಂದಳು.

"ಅಲ್ಲಾ ಸಾರ್, ದಾರಿ ಬಿಡಿ, ದಾರಿ ಬಿಡಿ ಅಂತ ಇಡೀ ಮೈಸೂರಿಗೆ ಪಾಠ ಹೇಳಿದೋರು ನೀವು. ನಿಮ್ಮ ಮನೇಲೇ ಬೆಕ್ಕು ನುಗ್ಗೋಕೆ ಜಾಗ ಇಲ್ವಲ್ಲ! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದ್ರೆ ಇದೇ ಅಲ್ವಾ?" ಎಂದು ನಕ್ಕಳು.

ನಾನೂ ನಕ್ಕೆ. ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋಗಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುವವರೆಗೂ ಸುಮ್ಮನೆ ನಿಂತಿದ್ದೆ. ಕೊನೆಗೆ, "ಬರೆದುಕೊಡ್ತೀನಿ ಬುಡಮ್ಮ. ನಿನ್ನ ಜೊತೆ ಈ ಕೆಲಸಕ್ಕೆ ಬರೋರೂ ಓದ್ಲಿ" ಅಂದೆ.

ಆ ಮಾತಿಗೆ ಕಟ್ಟುಬಿದ್ದು ಬರೆಯುತ್ತಿದ್ದೇನೆ. ಎಷ್ಟು ಮನೆ ಮಾಡಿದೆ, ಯಾರು ಹೊಗಳಿದರು, ಯಾವಾಗ ಮೇಸ್ತ್ರಿಯಾದೆ ಎಂಬುದನ್ನೆಲ್ಲ ಹೇಳುತ್ತಾ ಕೂತರೆ ನನಗೇ ಆಕಳಿಕೆ ಬರುತ್ತದೆ. ಮನೆಯ ಗೇಟಿನಿಂದ ಬಾಗಿಲಿನವರೆಗೆ ಇರುವ ಅಷ್ಟು ಸಣ್ಣ ಜಾಗದಲ್ಲಿ ಒಂದು ಆಯುಷ್ಯ ಕಳೆದವನು ನಾನು. ನನಗೆ ಗೊತ್ತಿರುವುದೂ ಅಷ್ಟೇ ಜಾಗದ ವಿಷಯ.

ನಮ್ಮೂರು ಇಲವಾಲದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಹುಣಸೂರು ರಸ್ತೆಯ ಒಂದು ನರ್ಸರಿಯಲ್ಲಿ ಸಸಿಯ ಪ್ಲಾಸ್ಟಿಕ್ ತೊಟ್ಟೆಗಳಿಗೆ ಮಣ್ಣು ತುಂಬುವ ಕೆಲಸಕ್ಕೆ ಸೇರಿದೆ. ಅಲ್ಲಿಂದ ಕರಿಗೌಡ ಮೇಸ್ತ್ರಿಗಳ ಕೈಗೆ ಬಿದ್ದೆ. ಅವರು ನರ್ಸರಿಯ ಪರವಾಗಿ ಸಿಟಿಯ ಮನೆಗಳಿಗೆ ಹೋಗಿ ಮುಂಭಾಗದ ತೋಟ, ದಾರಿ ಮಾಡಿಸುತ್ತಿದ್ದರು. ಕುಳ್ಳ ಆಳು, ದೊಡ್ಡ ಗಂಟಲು. ಕ್ರೋಟನ್ ಗಿಡ ಕಂಡರೆ ಅವರಿಗೆ ಮೈಯೆಲ್ಲ ಉರಿ. "ಹೂ ಇಲ್ಲ, ವಾಸ್ನೆ ಇಲ್ಲ, ದೇವ್ರಿಗೂ ಬ್ಯಾಡ, ದನಕ್ಕೂ ಬ್ಯಾಡ. ಇದ್ಯಾಕೋ ಇವರಿಗೆ?" ಎಂದು ಬೈಯುತ್ತಲೇ ಸಾಲಾಗಿ ಕ್ರೋಟನ್ ನೆಡಿಸುತ್ತಿದ್ದರು. ಕೇಳಿದ್ದನ್ನು ಕೊಡಬೇಕಲ್ಲ, ವ್ಯಾಪಾರ.

ನಾನು ಅವರ ಜೊತೆ ಹೋದ ಮೊದಲ ಮನೆ ಸರಸ್ವತಿಪುರಂನಲ್ಲಿತ್ತು. ಗೂಟ ಹೊಡೆದು, ದಾರ ಕಟ್ಟಿ, ದಾರಿ ಎಲ್ಲಿ ಬರಬೇಕು, ಗಿಡ ಎಲ್ಲಿ ಬರಬೇಕು ಎಂದು ಸುಣ್ಣದಲ್ಲಿ ಗೆರೆ ಎಳೆದಾಯಿತು. ಇನ್ನೇನು ಗುದ್ದಲಿ ಹಾಕಬೇಕು, ಮೇಸ್ತ್ರಿಗಳು "ಏಣಿ ತನ್ನಿ" ಅಂದರು. ಅಲ್ಲಿ ಹತ್ತುವುದಕ್ಕೆ ಮರವೂ ಇರಲಿಲ್ಲ, ಅಟ್ಟವೂ ಇರಲಿಲ್ಲ. ಬಿದಿರಿನ ಏಣಿಯನ್ನು ನಾಲ್ಕು ಜನ ಹೆಗಲ ಮೇಲೆ ಹೊತ್ತು, ಮನೆಯ ಬಾಗಿಲಿನಿಂದ ಗೇಟಿನವರೆಗೆ ನಿಧಾನವಾಗಿ ನಡೆಯಬೇಕು. ಯಾರ ತೋಳಿಗೆ ಗೂಟ ತಾಗಿತೋ ಅಲ್ಲಿ ದಾರಿ ಅಗಲ ಆಗಬೇಕು. ಗೇಟಿನ ಹತ್ತಿರ ಏಣಿ ತಿರುಗದಿದ್ದರೆ ಆ ಮೂಲೆಯಲ್ಲಿ ಗಿಡ ಬೇಡ. ಇದಕ್ಕೆ ನಮ್ಮಲ್ಲಿ 'ಏಣಿ ನಡಿಗೆ' ಎಂದು ಹೆಸರು.

ಮನೆಯ ಯಜಮಾನರು ಮೆಟ್ಟಿಲ ಮೇಲೆ ನಿಂತು, "ಇದೇನ್ರಿ ಗೌಡರೇ ಇದು, ಮೆರವಣಿಗೆ?" ಅಂದರು.

"ಬೀರು ಬರ್ಬೇಕಲ್ಲ ಸೋಮಿ. ನಾಳೆ ಸೊಸೆ ಬತ್ತಾಳೆ, ಅವಳ ಹಿಂದೆ ಬೀರು ಬತ್ತದೆ. ಆಗ ಗಿಡ ಕಡಿಯೋಕಾದದಾ?" ಅಂದರು ಮೇಸ್ತ್ರಿಗಳು.

ಯಜಮಾನರಿಗೆ ಮಾತು ಹಿಡಿಸಿತು. ಸೊಸೆ, ಬೀರು ಎರಡೂ ಶುಭವೇ. ನನಗೆ ಮಾತ್ರ ಅನುಮಾನ ಉಳಿಯಿತು. ಬೀರುವನ್ನು ಯಾರೂ ಏಣಿಯ ಹಾಗೆ ನಾಲ್ಕು ಹೆಗಲ ಮೇಲೆ ಹೊರುವುದಿಲ್ಲ. ಅಷ್ಟಕ್ಕೂ ಬೀರು ಬರುವುದು ಗೇಟಿನಿಂದ ಬಾಗಿಲಿಗೆ. ನಾವು ನಡೆದದ್ದು ಬಾಗಿಲಿನಿಂದ ಗೇಟಿಗೆ.

ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಕೇಳಿಯೇಬಿಟ್ಟೆ. ಮೇಸ್ತ್ರಿಗಳು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಸುತ್ತ ನೋಡಿ, ಸಣ್ಣ ದನಿಯಲ್ಲಿ ಹೇಳಿದರು. ಅವರು ನನ್ನ ವಯಸ್ಸಿನವರಾಗಿದ್ದಾಗ ಒಬ್ಬ ದೊಡ್ಡ ಮನುಷ್ಯರ ಮನೆಯ ಮುಂದೆ ಕಲ್ಲುಬಂಡೆಯ ತೋಟ, ಸಿಮೆಂಟಿನ ಹೂಕುಂಡ, ಅಂಕುಡೊಂಕು ದಾರಿ ಎಲ್ಲ ಮಾಡಿದ್ದರಂತೆ. ನೋಡಿದವರು ಹೊಗಳಿದ್ದೇ ಹೊಗಳಿದ್ದು. ಕೆಲವು ವರ್ಷಕ್ಕೆ ಆ ಯಜಮಾನರು ತೀರಿಕೊಂಡರು. ಚಟ್ಟ ಎತ್ತಿದರೆ ಆ ದಾರಿಯಲ್ಲಿ ಹೊರಗೆ ತರುವುದಕ್ಕೇ ಆಗಲಿಲ್ಲ. ಆಚೆಗೆ ನಾಲ್ಕು ಜನ, ಈಚೆಗೆ ನಾಲ್ಕು ಜನ ನಿಂತು ಕಾಂಪೌಂಡ್ ಗೋಡೆಯ ಮೇಲಿಂದ ದಾಟಿಸಿದರು.

"ಆವಮ್ಮ ಸಾಯೋಗಂಟ ಒಂದೇ ಮಾತು ಕಣೋ, ನನ್ನ ಗಂಡನ್ನ ಕಳ್ಳನಂಗೆ ಗೋಡೆ ಹಾರಿಸ್ಬುಟ್ರು ಅಂತ. ನಾನೂ ಆ ದಾರಿಗೆ ಕಲ್ಲು ಹೊತ್ತಿದ್ದೆ. ಮಗು ಎಷ್ಟು ಸಣ್ಣ ದಾರೀಲಾದ್ರೂ ಮನೆಯೊಳಕ್ಕೆ ಬತ್ತದೆ, ಅವ್ವನ ಕಂಕುಳಲ್ಲಿ ಬತ್ತದೆ. ಓಗೋವಾಗ ಮಾತ್ರ ನಾಲ್ಕು ಜನರ ಅಗಲ ಬೇಕು. ಆದ್ರೆ ಬಾಯಿ ಬುಡಬ್ಯಾಡ. ಹೊಸ ಮನೆ ಬಾಗಲಲ್ಲಿ ನಿಂತು ಸಾವಿನ ಮಾತಾಡಿದ್ರೆ ಚಪ್ಲೀಲಿ ಹೊಡೀತಾರೆ. ಬೀರು ಅನ್ನು, ಸಾಕು."

ನಾನು ಬಾಯಿ ಬಿಡಲಿಲ್ಲ. ಎಷ್ಟೋ ಮನೆಗಳ ಮುಂದೆ ಬೀರುವಿನ ಹೆಸರು ಹೇಳಿ ಏಣಿ ನಡೆಸಿದೆ. ಬಾಯಿ ಬಿಟ್ಟದ್ದು ಒಬ್ಬಳ ಹತ್ತಿರ ಮಾತ್ರ, ನನ್ನ ಹೆಂಡತಿ ಸಣ್ಣತಾಯಮ್ಮನ ಹತ್ತಿರ. ಮದುವೆಯಾದ ಹೊಸದರಲ್ಲಿ ಒಂದು ದಿನ ಊಟಕ್ಕೆ ಕೂತಾಗ ಹೇಳಿದೆ. ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು.

"ಥೂ, ಇಂಥಾ ಅಳತೆ ತಗಂಡು ಬಂದು ತಟ್ಟೆ ಮುಂದೆ ಕೂತಿದೀರಾ? ಮೊದ್ಲು ಕೈಕಾಲು ತೊಳ್ಕೊಳ್ಳಿ ಓಗಿ" ಎಂದು ಎಬ್ಬಿಸಿದಳು. ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸಾರು ಆರಿತ್ತು. ಆಮೇಲೆ ಅವಳೇ ಯೋಚನೆ ಮಾಡಿ, "ಆದ್ರೂ ನಿಮ್ಮ ಮೇಸ್ತ್ರಿ ಒಳ್ಳೇರು ಕಣ್ರೀ" ಅಂದಳು.

ಬೀರುವಿನ ಮಾತು ನಡೆಯದ ಮನೆ ಒಂದೇ ಒಂದು. ಜಯಲಕ್ಷ್ಮೀಪುರಂನಲ್ಲಿ ಅಲಮೇಲಮ್ಮ ಎನ್ನುವ ಹಿರಿಯರೊಬ್ಬರಿದ್ದರು. ನಾವು ಏಣಿ ಹೊತ್ತು ಹೊರಟಾಗ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕಾಯಿ ಕೆಳಗಿಟ್ಟು, ಕನ್ನಡಕ ಏರಿಸಿ, ಗೇಟಿನವರೆಗೂ ನಮ್ಮನ್ನೇ ನೋಡಿದರು.

"ಏನ್ರಯ್ಯಾ, ನನ್ನ ಚಟ್ಟಕ್ಕೆ ಅಳತೆ ತೆಗೀತಿದ್ದೀರಾ?"

ಕರಿಗೌಡ ಮೇಸ್ತ್ರಿಗಳ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಯ್ಯಯ್ಯೋ, ಬುಡ್ತು ಅನ್ನಿ ಅವ್ವಾ. ಬೀರು…"

"ಸುಮ್ನಿರಯ್ಯಾ. ಈ ವಯಸ್ಸಲ್ಲಿ ನಂಗ್ಯಾವ ಬೀರು ಬರುತ್ತೆ? ಆ ದಾಸವಾಳದ ಮೂಲೇಲಿ ಇನ್ನೊಂದು ಚೂರು ಅಗಲ ಮಾಡಿ. ನಾನು ಸ್ವಲ್ಪ ದಪ್ಪ." ಹೀಗೆ ಹೇಳಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ನಾವು ನಾಲ್ವರೂ ಏಣಿ ಹೊತ್ತುಕೊಂಡೇ ನಗು ತಡೆಯಲಾರದೆ ನಿಂತಿದ್ದೆವು.

ಆಕೆ ಹೋದಾಗ ನಾನು ದೂರದಲ್ಲಿ ನಿಂತು ನೋಡಿದೆ. ದಾಸವಾಳದ ಮೂಲೆಯಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಅವರ ಮಗ ನನ್ನ ಹತ್ತಿರ ಬಂದು, "ಅಮ್ಮ ಹೇಳಿದ್ರು, ಆ ಮೂಲೆ ಅಗಲ ಮಾಡಿಸಿದ್ದು ನಾನೇ ಅಂತ" ಎಂದು ಕಣ್ಣೊರೆಸಿಕೊಂಡ. ನಮ್ಮ ಕೆಲಸ ಸರಿಯಾಗಿದೆ ಎಂದು ಗೊತ್ತಾಗುವುದು ಇಂಥ ದಿನಗಳಲ್ಲೇ. ಅಂಥ ದಿನ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ.

ಎಡವಟ್ಟುಗಳೂ ಆಗಿವೆ. ಯಾದವಗಿರಿಯ ಒಂದು ಹೊಸ ಮನೆಯಲ್ಲಿ ಹೊಸಿಲಿನ ಕೆಳಗಿನ ಮೆಟ್ಟಿಲಿಗೇ ತಾಗುವ ಹಾಗೆ ಬಿಳಿ ಬೆಣಚುಕಲ್ಲಿನ ಹರಳು ಹಾಸಿದ್ದೆವು. ಮರುದಿನ ಬೆಳಗ್ಗೆ ಕೆಲಸಕ್ಕೆ ಹೋದರೆ ಆ ಮನೆಯ ಸೊಸೆ ರಂಗೋಲಿ ಬಟ್ಟಲು ಹಿಡಿದು ಬಾಗಿಲಲ್ಲಿ ಅಳುತ್ತಾ ನಿಂತಿದ್ದಳು. ಕಲ್ಲಿನ ಮೇಲೆ ರಂಗೋಲಿ ಎಲ್ಲಿ ನಿಲ್ಲುತ್ತದೆ? ಪುಡಿಯೆಲ್ಲ ಸಂದಿಗೆ ಇಳಿದುಹೋಗಿತ್ತು. ಒಳಗಿನಿಂದ ಅತ್ತೆ, "ಹೊಸ ಮನೆ ಬಾಗ್ಲು ಬೋಳಾಗಿ ಬಿದ್ದಿದೆ" ಎಂದು ಗದರುತ್ತಿದ್ದರು. ಅಷ್ಟು ದೊಡ್ಡ ಅಂಗಳ ಅಳೆದವರು ನಾವು, ರಂಗೋಲಿಗೆ ಒಂದು ಚೌಕ ಬಿಡಬೇಕೆಂದು ಮೇಸ್ತ್ರಿಗಳಿಗೂ ನನಗೂ ಹೊಳೆದಿರಲಿಲ್ಲ. ಮಧ್ಯಾಹ್ನದೊಳಗೆ ಬೆಣಚುಕಲ್ಲು ಬಾಚಿ ಒಂದು ಚಪ್ಪಡಿ ಕೂರಿಸಿದೆವು. ಆ ಸೊಸೆ ಉರಿಬಿಸಿಲಲ್ಲೇ ಬಂದು ಎಳೆ ಎಳೆದಳು. ಅವತ್ತಿನಿಂದ ಹೊಸಿಲ ಮುಂದಿನ ಜಾಗವನ್ನು ಹೆಂಗಸರನ್ನು ಕೇಳದೆ ನಾನು ಮುಟ್ಟಿಲ್ಲ. ಭವ್ಯಾ, ನೀನೂ ಮುಟ್ಟಬೇಡ.

ನಮ್ಮ ಸ್ವಂತ ಮನೆಯ ವಿಷಯಕ್ಕೆ ಬರುತ್ತೇನೆ. ಮೇಟಗಳ್ಳಿ ಕಡೆ ಒಂದು ಸಣ್ಣ ಸೈಟು ತೆಗೆದು ಮನೆ ಕಟ್ಟಿದೆವು. ಸೈಟು ಸಣ್ಣದಾದರೂ ಮುಂದಿನ ದಾರಿಯನ್ನು ನಾನು ಬಿಟ್ಟುಕೊಡಲಿಲ್ಲ. ಕಲ್ಲು ಹಾಸುವ ಮೊದಲು ಏಣಿ ತಂದೆ. ಪಕ್ಕದ ಮನೆಯ ದಂಪತಿ ಒಂದು ಕಡೆ ಹೆಗಲು ಕೊಟ್ಟರು, ಇನ್ನೊಂದು ಕಡೆ ನಾನು, ಸಣ್ಣತಾಯಿ. ಅವರಿಗೆ ಬೀರುವಿನ ಕಥೆಯೇ. ಸಣ್ಣತಾಯಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ನಾನು ಮುಂದೆ ಕಣ್ರೀ, ನೀವು ಹಿಂದೆ ಬನ್ನಿ" ಎಂದು ಏಣಿಯ ಮುಂದಿನ ಕೊನೆಯನ್ನು ತಾನೇ ಹಿಡಿದಳು. ಅವಳು ಮೋಟು, ಏಣಿ ಅವಳ ಕಡೆಗೇ ವಾಲುತ್ತಿತ್ತು. ಗೇಟಿನವರೆಗೆ ಎಲ್ಲೂ ತಾಗಲಿಲ್ಲ. "ಬಂತು ನೋಡಿ ಬೀರು!" ಎಂದು ಕೂಗಿದಳು. ಆ ಕೂಗು ಈಗಲೂ ಕಿವಿಯಲ್ಲಿದೆ.

ಕಾಲ ಬದಲಾಯಿತು. ಕರಿಗೌಡ ಮೇಸ್ತ್ರಿಗಳು ಊರಿಗೆ ಹೋಗಿ ಅಲ್ಲೇ ತೀರಿಕೊಂಡರು. ನರ್ಸರಿ ಇದ್ದ ಜಾಗ ಬಡಾವಣೆಯಾಯಿತು. ನಾನು ಇಲ್ಲೇ ಮೈಸೂರಿನ ಹೆಬ್ಬಾಳದ ಕಡೆಯ ಒಂದು ಕಂಪನಿಗೆ ಮೇಲ್ವಿಚಾರಕನಾಗಿ ಸೇರಿದೆ. ಕೊಟ್ಟಿಗೆ ಗೊಬ್ಬರ ಹೋಗಿ ಚೀಲದ ಗೊಬ್ಬರ ಬಂತು. ಕೆಂಪುಮಣ್ಣಿನ ದಾರಿ ಹೋಗಿ ಚಪ್ಪಡಿ, ಚಪ್ಪಡಿ ಹೋಗಿ ಸಿಮೆಂಟಿನ ಪೇವರ್ ಬಂತು. ಈಗ ಪ್ಲಾಸ್ಟಿಕ್ ಹುಲ್ಲು. ಒಬ್ಬರ ಮನೆಯಲ್ಲಿ ಅದಕ್ಕೂ ದಿನಾ ನೀರು ಹಾಕುತ್ತಿದ್ದರು, ಧೂಳು ಹೋಗಲಿ ಎಂದು. ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಕಂಪನಿಯ ಮ್ಯಾನೇಜರು ಒಳ್ಳೆಯವರು. ನನಗಿಂತ ಎಷ್ಟೋ ಚಿಕ್ಕವರಾದರೂ ಏಕವಚನ ಆಡಿದವರಲ್ಲ. ಆದರೆ ಏಣಿ ನಡಿಗೆ ನೋಡಿ ಬೆಚ್ಚಿಬಿದ್ದರು.

"ಇದೆಲ್ಲ ಬೇಡ ಯಜಮಾನ್ರೇ. ಅಳೆಯೋಕೆ ಮೆಷಿನ್ ಇದೆ. ಜನ ನೋಡಿದ್ರೆ ಏನಂದ್ಕೋತಾರೆ?"

"ಬೀರು ಬರ್ಬೇಕಲ್ಲ ಸಾರ್" ಅಂದೆ.

"ಯಾರ ಮನೇಲಿದೆ ಈಗ ಬೀರು? ವಾರ್ಡ್‌ರೋಬ್ ಗೋಡೇಲೇ ಕೂರಿಸ್ತಾರೆ. ಹಲಗೆ ಹಲಗೆಯಾಗಿ ಬರುತ್ತೆ, ಒಳಗೇ ಜೋಡಿಸ್ತಾರೆ."

ಅವರು ಹೇಳಿದ್ದು ನಿಜ. ಮೇಸ್ತ್ರಿಗಳು ಕಲಿಸಿಕೊಟ್ಟಿದ್ದ ಸುಳ್ಳು ಸವೆದುಹೋಗಿತ್ತು. ಸೋಫಾ ಅಂದೆ, ಫ್ರಿಜ್ ಅಂದೆ, ಯಾವುದೂ ನಡೆಯಲಿಲ್ಲ. ದಾರಿಯ ಅರ್ಧವನ್ನು ಕಾರು ನುಂಗಿತು, ಉಳಿದರ್ಧದಲ್ಲಿ ಎರಡನೇ ಕಾರು. ಹಾಗೆಂದು ಮನೆಯವರನ್ನು ಬೈಯಲಾರೆ. ಇರುವ ಸೈಟೇ ಅಷ್ಟು. ಸಾಲ ಮಾಡಿ ಮನೆ ಕಟ್ಟಿದವರು ಸಾವಿಗೆ ಜಾಗ ಬಿಡಿ ಎಂದರೆ ಎಲ್ಲಿಂದ ಬಿಟ್ಟಾರು?

ಆಮೇಲೆ ಕೊರೊನಾ ಬಂತು. ವಿಜಯನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ನಾನು ಹಳೆಯ ರೀತಿಯಲ್ಲೇ ದಾರಿ ಮಾಡಿಕೊಟ್ಟಿದ್ದೆ. ಎರಡೂ ಕಡೆ ದುಂಡುಮಲ್ಲಿಗೆ, ನಡುವೆ ಧಾರಾಳ ಜಾಗ. ಮೇಷ್ಟ್ರು ಆಸ್ಪತ್ರೆಗೆ ಹೋದವರು ಮನೆಗೆ ಬರಲೇ ಇಲ್ಲ. ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೆ. ಎಲ್ಲ ತಣ್ಣಗಾದ ಮೇಲೆ ಮಲ್ಲಿಗೆ ಕತ್ತರಿಸಲು ಹೋಗಿದ್ದೆ. ಅವರ ಹೆಂಡತಿ ಬಾಗಿಲ ಕಂಬಕ್ಕೆ ಒರಗಿ ನಿಂತು ದಾರಿಯನ್ನೇ ನೋಡುತ್ತಿದ್ದರು.

"ಅಷ್ಟು ಅಗಲ ಮಾಡಿಕೊಟ್ರಲ್ಲಪ್ಪಾ. ಅವರನ್ನ ಈ ದಾರೀಲಿ ಕಳಿಸಿಕೊಡೋಕೂ ಆಗ್ಲಿಲ್ಲ ನನಗೆ" ಅಂದರು.

ಅಂದರೆ ಅವರಿಗೂ ಗೊತ್ತಿತ್ತು. ಬೀರುವಿನ ಕಥೆಯನ್ನು ಬಹುಶಃ ಯಾರೂ ನಂಬಿರಲಿಲ್ಲವೇನೋ, ನಮ್ಮ ಮರ್ಯಾದೆಗೆ ಸುಮ್ಮನಿದ್ದರೇನೋ. ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು, ಮಲ್ಲಿಗೆ ಮುಟ್ಟದೆ ಮನೆಗೆ ಬಂದೆ.

ಅದೇ ಸುಮಾರಿಗೆ ನನಗೇ ಎದೆನೋವು ಕಾಣಿಸಿಕೊಂಡಿತು. ಎದೆ ಕೊಯ್ದು ಆಪರೇಷನ್ ಮಾಡಿದರು. ಮನೆಗೆ ಬಂದ ಮೇಲೆ ಕೆಲಸ ಬಿಡಬೇಕಾಯಿತು. ಬೆಳಗಿನ ಬಿಸಿಲಿಗೆ ಬಾಗಿಲಲ್ಲಿ ಕುರ್ಚಿ ಹಾಕಿ ನನ್ನನ್ನು ಕೂರಿಸಿ, ಸಣ್ಣತಾಯಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಅವಳ ತಂಗಿಯ ಮನೆಯಿಂದ ನಂದಿಬಟ್ಟಲಿನ ಕಡ್ಡಿ ತಂದಳು. ಬೇರು ಬಂದ ಕಡ್ಡಿ. ಹಾರೆ ತೆಗೆದುಕೊಂಡು, ಗೇಟಿನಿಂದ ಸ್ವಲ್ಪ ಈಚೆಗೆ, ದಾರಿಯ ನಟ್ಟನಡುವಿನ ಒಂದು ಚಪ್ಪಡಿಯನ್ನು ಮೀಟಿ ಎಬ್ಬಿಸಿದಳು. ನಾನೇ ಕೂರಿಸಿದ ಚಪ್ಪಡಿ.

"ಅಯ್ಯೋ, ಅಲ್ಲಿ ಬೇಡ ಕಣೇ! ನಂದಿಬಟ್ಟಲು ಪೊದೆ ಆಗುತ್ತೆ. ದಾರಿ ಕಟ್ಕೊಳ್ಳುತ್ತೆ."

"ಗೊತ್ತು."

"ಗೊತ್ತಿದ್ದೂ ನೆಡ್ತೀಯಾ?"

"ಗೊತ್ತಿರೋದ್ಕೇ ಕಣ್ರೀ ನೆಡ್ತಿರೋದು." ಮಣ್ಣು ಮುಚ್ಚುತ್ತಾ, ನನ್ನ ಕಡೆ ತಿರುಗದೆ ಹೇಳಿದಳು. "ನಾಲ್ಕು ಜನ ಅದೆಂಗೆ ಬತ್ತಾರೋ ನಾನೂ ನೋಡ್ತೀನಿ. ನಿಮ್ಮನ್ನ ಎತ್ಕಂಡು ಈ ಗೇಟು ಯಾರೂ ದಾಟ್ಕೂಡ್ದು."

ನಾನು ಜೋರಾಗಿ ನಗಲು ಹೋದೆ. ಎದೆಯ ಹೊಲಿಗೆ ಎಳೆಯಿತು. ಆಗ ಅವಳ ಕಡೆ ನೋಡಿದೆ. ಆಸ್ಪತ್ರೆಯಲ್ಲಿ ಅಷ್ಟು ದಿನ ನನ್ನ ಮುಂದೆ ಒಂದು ಹನಿ ಕಣ್ಣೀರು ಹಾಕದವಳು, ಗಿಡದ ಬುಡದಲ್ಲಿ ಕೂತು ಅಳುತ್ತಿದ್ದಳು. ನಾನು ಮತ್ತೆ ಬೇಡ ಅನ್ನಲಿಲ್ಲ.

ಅಕ್ಕಿ ತೊಳೆದ ನೀರು, ಕಾಫಿ ಗಸಿ, ಎಲ್ಲ ಅದಕ್ಕೇ. ನೋಡನೋಡುತ್ತಲೇ ತಲೆಮಟ್ಟ ಬೆಳೆದು ಗುಂಡಗೆ ಹರಡಿತು. ಎರಡು ಕಡೆಯೂ ಒಬ್ಬೊಬ್ಬರು ಪಕ್ಕಕ್ಕೆ ತಿರುಗಿ ಹೋಗುವಷ್ಟು ಸಂದಿ ಉಳಿಯಿತು. ನಾನು ಕತ್ತರಿ ಹಿಡಿದರೆ, "ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಒಳಗಿನಿಂದಲೇ ಗದರುತ್ತಿದ್ದಳು. ಬಂದವರೆಲ್ಲ ಗೊಣಗುತ್ತಿದ್ದರು. ಗ್ಯಾಸ್ ಸಿಲಿಂಡರಿನವನಂತೂ ಸಿಲಿಂಡರನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಗಿಡ ದಾಟುತ್ತಿದ್ದ. "ಏನಕ್ಕಾ ಇದು, ನಿಮ್ಮ ಮನೇಗ್ ಬರೋಕೆ ಸರ್ಕಸ್ ಕಲೀಬೇಕು" ಅನ್ನುತ್ತಿದ್ದ. ಅವಳು ಅವನಿಗೆ ಮಜ್ಜಿಗೆ ಕೊಟ್ಟು ಕಳಿಸುತ್ತಿದ್ದಳು. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ, ನಮ್ಮ ಮಗಳು ಶೋಭಾಗೂ.

ಹೋದ ವರ್ಷ ಒಂದು ದಿನ ಮೊರದಲ್ಲಿ ಅಕ್ಕಿ ಕೇರುತ್ತಿದ್ದವಳು, "ರೀ, ತಲೆ ಎಂಗೋ ಆಯ್ತದೆ" ಅಂದಳು. ಅಷ್ಟೇ. ಮೊರ ಮಗುಚಿ ಅಕ್ಕಿಯೆಲ್ಲ ಚೆಲ್ಲಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು. ಮಾತಿರಲಿಲ್ಲ. ನನ್ನ ಎದೆಗೆ ಬರಬೇಕಾದದ್ದು ಅವಳ ತಲೆಗೆ ಬಂತು ಅಂತಲೇ ನನಗೆ ಅನಿಸುತ್ತಿತ್ತು. ಡಾಕ್ಟರು ಕೈಚೆಲ್ಲಿದರು.

ವ್ಯಾನಿನವರು ಅವಳನ್ನು ತಂದಾಗ ಮುಂದೊಬ್ಬ ಹಿಂದೊಬ್ಬ ಸ್ಟ್ರೆಚರ್ ಹಿಡಿದು, ಗಿಡದ ಪಕ್ಕದಲ್ಲಿ ಹೇಗೋ ಓರೆಮಾಡಿ ಒಳಗೆ ತಂದರು. ಬಾಗಿಲ ಮುಂದೆ ಮಲಗಿಸಿದರು. ನೆಂಟರೆಲ್ಲ ಬಂದರು. ಸ್ನಾನ, ಅರಿಶಿನ ಕುಂಕುಮ, ಹೂವು ಎಲ್ಲ ಆಯಿತು. ನನ್ನ ಬಾಮೈದ ನಿಂಗೇಗೌಡ, ಅಳಿಯ, ಅಕ್ಕಪಕ್ಕದ ಇಬ್ಬರು ಚಟ್ಟಕ್ಕೆ ಹೆಗಲು ಕೊಟ್ಟು ಎದ್ದರು. ಕೆಲವು ಹೆಜ್ಜೆ ಬಂದು ನಿಂತುಬಿಟ್ಟರು.

ಮುಂದೆ ನಂದಿಬಟ್ಟಲು. ಅವಳು ಆಸ್ಪತ್ರೆ ಸೇರಿದ ಮೇಲೆ ಯಾರೂ ಹೂ ಬಿಡಿಸಿರಲಿಲ್ಲ. ಗಿಡ ಎಲೆಯೇ ಕಾಣದ ಹಾಗೆ ಬೆಳ್ಳಗೆ ಬಿರಿದಿತ್ತು.

"ಮಚ್ಚು ತನ್ನಿ ಕಣ್ರೋ. ಈ ಗಿಡ ಇಲ್ಯಾಕೆ ಬಂತು ದರಿದ್ರದ್ದು" ಅಂದ ನಿಂಗೇಗೌಡ. ಯಾರೋ ಓಡಿಹೋಗಿ ಮಚ್ಚು ತಂದರು. "ಬ್ಯಾಡ ಮಾವ, ಅವ್ವನ ಗಿಡ ಅದು" ಎಂದು ಶೋಭಾ ಅತ್ತಳು. ಹಿಂದಿನಿಂದ ಇನ್ಯಾರೋ, "ಹಂಗಾದ್ರೆ ಕಾಂಪೌಂಡ್ ಮೇಲಿಂದ ಆಚೆಗೆ ಕೊಟ್ಬುಡವಾ?" ಅಂದರು.

ಗಿಡ ಅಲ್ಲಿ ಯಾಕಿದೆ ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬಳು ಚಟ್ಟದ ಮೇಲಿದ್ದಳು.

ನಾನು ಹೋಗಿ ಮಚ್ಚನ್ನು ಕೈಗೆ ತೆಗೆದುಕೊಂಡೆ. ನಾನೇ ಕಡಿಯುತ್ತೇನೆ ಎಂದುಕೊಂಡು ಎಲ್ಲರೂ ಸರಿದು ನಿಂತರು. ಎಲ್ಲಿ ಏಟು ಹಾಕಿದರೆ ಬೀಳುತ್ತದೆ ಎಂದು ನನ್ನ ಕೈಗೆ ಗೊತ್ತು. ಬಗ್ಗಿದೆ. ಬುಡದಲ್ಲಿ ಅವಳು ಕೈಯಿಂದಲೇ ಕಟ್ಟಿದ್ದ ಮಣ್ಣಿನ ಪಾತಿ ಇತ್ತು, ಅದರಲ್ಲಿ ಒಣಗಿದ ಕಾಫಿ ಗಸಿ. ಇಡೀ ಆಯುಷ್ಯ ಊರವರಿಗೆಲ್ಲ ದಾರಿ ಬಿಡಿಸಿದ ನಾನು, ನನ್ನ ಹೆಂಡತಿ ಹೋಗುವ ದಿನ ದಾರಿ ಇಲ್ಲದೆ ನಿಂತಿದ್ದೆ. ಕಡಿದರೆ ಅವಳ ಆಸೆಯನ್ನೇ ಕಡಿದಂತೆ. ಗೋಡೆ ಹಾರಿಸಿದರೆ ಮೇಸ್ತ್ರಿಗಳು ಹೇಳಿದ್ದ ಆ ತಾಯಿಯ ಮಾತು. ಎಷ್ಟು ಹೊತ್ತು ಹಾಗೆ ಬಗ್ಗಿ ನಿಂತಿದ್ದೆನೋ. ಯಾಕೋ ಆ ಸಿಲಿಂಡರಿನವನು ನೆನಪಾದ.

"ಮೇಲಕ್ಕೆತ್ತಿ" ಅಂದೆ.

"ಏನು ಬಾವ?"

"ತಲೆ ಮೇಲಕ್ಕೆ ಎತ್ತಿ ಹಿಡ್ಕೊಳ್ಳಿ. ಆ ಕಡೆ ಇಬ್ರು, ಈ ಕಡೆ ಇಬ್ರು, ಪಕ್ಕಕ್ಕೆ ತಿರುಗಿ ಒಬ್ರ ಹಿಂದೆ ಒಬ್ರು ದಾಟಿ. ಗಿಡ ನಡುವೆ ಇರ್ಲಿ."

ನಿಂಗೇಗೌಡ ನನ್ನ ಮುಖ ನೋಡಿದ. ನಾಲ್ವರೂ ತೋಳು ನೀಡಿ ಎತ್ತಿದರು. ಅವಳು ಹಗುರ. ಗಿಡದ ಮೇಲಿಂದ ನಿಧಾನವಾಗಿ ದಾಟಿದಳು. ಬಿದಿರು ತಗುಲಿ ಹೂವೆಲ್ಲ ಉದುರಿ ಹೊತ್ತವರ ತಲೆ, ಹೆಗಲ ಮೇಲೆ ಬಿದ್ದವು. ಒಂದು ರೆಂಬೆಯೂ ಮುರಿಯಲಿಲ್ಲ. ಏಣಿ ಹೊತ್ತ ದಿನದ ಹಾಗೆ ಅವಳೇ ಮುಂದೆ, ನಾನು ಹಿಂದೆ.

ಭವ್ಯಾ, ನೀನು ಕೇಳಿದ್ದಕ್ಕೆ ಉತ್ತರ ಇದು. ಶೋಭಾ ಬಂದಾಗಲೆಲ್ಲ, "ಅಪ್ಪಾ, ಒದ್ದೆ ಕಲ್ಲಲ್ಲಿ ಜಾರಿ ಬೀಳ್ತೀರಿ, ತೆಗೆಸಿ" ಅನ್ನುತ್ತಾಳೆ. ತೆಗೆಸುವುದಿಲ್ಲ. ನನಗೆ ಆ ಗಿಡದ ಮೇಲೆ ಸಿಟ್ಟೂ ಇದೆ. ನನ್ನನ್ನು ಹಿಡಿದಿಡಲು ಕಾವಲು ನಿಲ್ಲಿಸಿ, ತಾನು ಆ ಕಾವಲಿನ ಮೇಲೇ ದಾಟಿಹೋದಳು. ಅವಳಿಲ್ಲದ ಮನೆಯಲ್ಲಿ ಕಾಯುವುದಕ್ಕೆ ಏನಿದೆ? ಹಾಗಂದುಕೊಂಡು ಎರಡು ಸಲ ಕತ್ತರಿ ತೆಗೆದಿದ್ದೇನೆ. ಮುಟ್ಟಿದ್ರೆ ನೋಡಿ ಮತ್ತೆ ಎಂದು ಒಳಗಿನಿಂದ ಗದರಿದ ಹಾಗಾಗುತ್ತದೆ. ಕತ್ತರಿ ಇಟ್ಟು, ಒಬ್ಬನಿಗೆ ಬೇಕಾಗುವ ಅಕ್ಕಿ ತೊಳೆದು, ಆ ನೀರು ತಂದು ಬುಡಕ್ಕೆ ಹಾಕುತ್ತೇನೆ. ಹಾಲಿಗೆ ಹೊರಟಾಗ ಪಕ್ಕಕ್ಕೆ ತಿರುಗಿ ನುಸುಳುತ್ತಾ, "ಹೋಗಿ ಬರ್ತೀನಿ ಕಣೇ" ಎಂದು ಹೇಳಿಯೇ ಹೋಗುತ್ತೇನೆ.

ಕೆಲಸದ ಮಾತೂ ಹೇಳಿಬಿಡುತ್ತೇನೆ. ಮೆಷಿನ್ನಿನಲ್ಲಿ ಅಳೆದರೂ ಒಂದು ಸಲ ಏಣಿ ನಡೆಸು. ಮನೆಯವರು ಕೇಳಿದರೆ ಬೀರು ಅನ್ನಬೇಡ, ಯಾರೂ ನಂಬುವುದಿಲ್ಲ. ಗಾಲಿಕುರ್ಚಿ ಓಡಾಡಬೇಕು ಅನ್ನು, ಒಪ್ಪುತ್ತಾರೆ. ಮನೆಯ ಹೆಂಗಸರು ದಾರಿಯ ನಡುವೆ ಗಿಡ ನೆಟ್ಟರೆ ಮಾತ್ರ ತಕ್ಷಣ ಬೇಡ ಅನ್ನಬೇಡ. ಯಾಕಮ್ಮ ಎಂದು ಮೊದಲು ಕೇಳು.

ನನ್ನ ದಿನ ಬಂದಾಗ ನಮ್ಮವರು ಮಚ್ಚು ಹುಡುಕುತ್ತಾರೆ. ನೀನು ಬೇಗ ಬಂದು ತಡೆಯಬೇಕು. ಎತ್ತಿ ದಾಟಿಸಲು ಹೇಳು. ಆದರೆ ನಾನು ಅವಳಷ್ಟು ಹಗುರ ಅಲ್ಲ ಕಣಮ್ಮ, ನಾಲ್ಕು ಜನ ಸಾಲುವುದಿಲ್ಲ. ನಿನ್ನ ಕೆಲಸದವರಲ್ಲಿ ಎತ್ತರದವರನ್ನು ಆರಿಸಿ ಆರು ಜನರನ್ನು ಕರೆದುಕೊಂಡು ಬಾ.